ನೋಡಿದೆನೆಂದ ಸಿನಿಮಾ

ಪರದೆ ಬಟ್ಟೆಯ ಅಂಗಡಿಯಲ್ಲಿ ನಿಂತು, ತಾನು ಎಂದೂ ಕಾಣದ ಮನೆಗಳ ಕಿಟಕಿಗೆ ಬಣ್ಣ ಆರಿಸಿಕೊಡುವುದು ಅವಳ ಕೆಲಸ. ಗಿರಾಕಿ ಒಳಗೆ ಕಾಲಿಟ್ಟು "ಹಾಲ್‌ಗೆ ಬೇಕಿತ್ತು" ಎನ್ನುವಷ್ಟರಲ್ಲಿ ಅವಳು ಬಟ್ಟೆಯ ಸುರುಳಿಯೊಂದನ್ನು ಕೌಂಟರಿನ ಮೇಲೆ ಉರುಳಿಸಿ, "ಬಿಸಿಲು ನೇರ ಬೀಳುತ್ತಾ, ಓರೆಯಾಗಿ ಬೀಳುತ್ತಾ?" ಎಂದು ಕೇಳಿ ಆಗಿರುತ್ತದೆ. ಉತ್ತರ ಬರಲಿ ಬಿಡಲಿ, ಆ ಕೋಣೆ, ಅಲ್ಲಿನ ಸೋಫಾ, ಪರದೆಯಿಂದ ಸೋಸಿ ಬರುವ ಬೆಳಕು, ಸಂಜೆ ಬಂದ ನೆಂಟರು ಕಣ್ಣರಳಿಸಿ ನೋಡುವುದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿಬಿಡುತ್ತಾಳೆ. ಕೇಳಿದವರು ತಮ್ಮ ಮನೆಯನ್ನು ತಾವೇ ಮೊದಲ ಸಲ ಕಂಡವರಂತೆ ತಲೆದೂಗಿ, "ಸರಿ, ಕತ್ತರಿಸಿ" ಎನ್ನುತ್ತಾರೆ. ಸುತ್ತಲಿನ ಅಂಗಡಿಯವರಿಗೆಲ್ಲ ಅವಳು ಪರದೆ ಅಕ್ಕ. "ನಿಮ್ಮನ್ನ ಬಿಟ್ರೆ ಕಿಟಕಿ ಇಲ್ಲದ ಗೋಡೆಗೂ ಪರದೆ ಮಾರ್ತೀರಿ" ಎಂದು ಯಜಮಾನರು ನಗುತ್ತಾರೆ. ಅವಳೂ ನಗುತ್ತಾಳೆ. ಬಾಯಿಜೋರು ಎಂಬ ಹೆಸರಿನಿಂದಲೇ ಅವಳ ಹೊಟ್ಟೆ ತುಂಬಿದೆ.

ಆ ಬಾಯಿ ಅವಳನ್ನು ಒಂದೇ ಒಂದು ಕಡೆ ಸಿಕ್ಕಿಸಿಹಾಕಿತ್ತು. ಅದು ಒಂದು ಹಳೆಯ ಸಿನಿಮಾದ ವಿಷಯ.

ಯಾವ ಸಿನಿಮಾ ಎಂದು ಕೇಳಬೇಡಿ. ಎಲ್ಲರ ಪಾಲಿಗೂ ಅಂಥದ್ದೊಂದು ಇರುತ್ತದೆ. ಅದರ ಹಾಡು ರೇಡಿಯೋದಲ್ಲಿ ಬಂದರೆ ಅಡುಗೆಮನೆಯಿಂದ ಯಾರೋ ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ. ಅದರ ಮಾತುಗಳನ್ನು ಬಸ್ಸಿನ ಕಂಡಕ್ಟರೂ ಹೇಳುತ್ತಾನೆ, ಪಾಠ ಒಪ್ಪಿಸದ ಹುಡುಗನಿಗೆ ಮೇಷ್ಟ್ರೂ ಹೇಳುತ್ತಾರೆ. "ಅದನ್ನ ನೋಡದೆ ಇರೋರು ಇದ್ದಾರಾ?" ಎಂದು ಒಬ್ಬರು ಕೇಳಿದರೆ ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ, ಆ ನಗುವವರಲ್ಲಿ ಅರ್ಧ ಜನ ಅದನ್ನು ನೋಡಿರುವುದಿಲ್ಲ. ನೋಡೋಣ, ಎಲ್ಲಿ ಓಡಿಹೋಗುತ್ತೆ ಎಂದುಕೊಳ್ಳುತ್ತಲೇ ಅವರ ತಲೆ ನರೆತಿರುತ್ತದೆ. ಪಾಪ, ಅವರ ಮೇಲೆ ಯಾರೂ ಕೇಸು ಹಾಕುವಂತಿಲ್ಲ. ಒಂದು ಸಿನಿಮಾ ನೋಡದಿದ್ದರೆ ಯಾರ ಮನೆ ಗಂಟು ಹೋಗುತ್ತದೆ? ಆದರೆ ಪರದೆ ಅಕ್ಕನ ಮಾತೇ ಬೇರೆ. ಆ ಸಿನಿಮಾಕ್ಕೆ ಮೆಟ್ಟಿಲು ಮಾಡಿಕೊಟ್ಟವನು ಅವಳ ಒಡಹುಟ್ಟಿದ ಅಣ್ಣ.

ಅಣ್ಣ ಬಡಗಿ. ಅವನಿಗೆ ಮೀಸೆ ಇನ್ನೂ ಸರಿಯಾಗಿ ಕೂರದ ಕಾಲದಲ್ಲಿ ಸಿನಿಮಾದವರು ಊರ ಹೊರಗಿನ ಖಾಲಿ ಗೋದಾಮಿನಲ್ಲಿ ಶ್ರೀಮಂತರ ಬಂಗಲೆಯೊಂದನ್ನು ಕಟ್ಟಿಸಿದರು. ಮರಗೆಲಸಕ್ಕೆ ಕರೆದವರಲ್ಲಿ ಅವನೂ ಒಬ್ಬ. ಅವನ ಕೈ ನೋಡಿದ ಹಿರಿಯ ಮೇಸ್ತ್ರಿ ಮೆಟ್ಟಿಲಿನ ಕೆಲಸವನ್ನು ಪೂರ್ತಿ ಅವನಿಗೇ ಬಿಟ್ಟ. ಅರ್ಧ ಏರಿ ಬಳುಕಿ ತಿರುಗುವ ಮೆಟ್ಟಿಲು. ಅದರ ರೇಲಿಂಗನ್ನು ಅವನು ಉಪ್ಪುಕಾಗದ ಹಿಡಿದು ಉಜ್ಜಿದ್ದೇ ಉಜ್ಜಿದ್ದು, ರೇಷ್ಮೆಯ ಎಳೆ ಹರಿದಾಡಿದರೂ ಸಿಕ್ಕಿಕೊಳ್ಳಬಾರದು ಎಂದು. "ಶೂಟಿಂಗ್ ಮುಗಿದ ಮೇಲೆ ಒಡೆದು ಹಾಕ್ತಾರೆ ಕಣೋ, ಯಾಕೆ ಸಾಯ್ತೀಯ?" ಎಂದು ಜೊತೆಯವರು ರೇಗಿಸಿದರೆ, "ಒಡೆಯೋದು ಅವರ ಕೆಲಸ, ಮಾಡೋದು ನನ್ನ ಕೆಲಸ" ಎನ್ನುತ್ತಿದ್ದ. ಶೂಟಿಂಗ್ ಮುಗಿಯಿತು, ಮೆಟ್ಟಿಲನ್ನು ಒಡೆದು ಹಲಗೆ ಮಾಡಿ ಲಾರಿಗೆ ತುಂಬಿದರು. ಆಮೇಲೆ ಅಣ್ಣ ಎಷ್ಟೋ ಬಾಗಿಲು, ಮಂಚ, ಕಪಾಟು ಮಾಡಿದ. ಮನಸ್ಸಿಟ್ಟು ಮಾಡಿದ ಆ ಒಂದು ಕೆಲಸ ಮಾತ್ರ ಸಿನಿಮಾದಲ್ಲಿ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಉಳಿಯಲಿಲ್ಲ.

ಸಿನಿಮಾ ತೆರೆಕಂಡಾಗ ಅವಳಿಗೆ ಹೊಸದಾಗಿ ಮದುವೆಯಾಗಿತ್ತು. ಗಂಡನ ಮನೆಯಲ್ಲಿ ಎಲ್ಲರೂ ಇಸ್ತ್ರಿ ಬಟ್ಟೆ ತೊಟ್ಟು ಆಫೀಸಿಗೆ ಹೋಗುವವರು. ನಾದಿನಿ ಕಾಲೇಜು ಓದುತ್ತಿದ್ದಳು. ಅವರ ಮುಂದೆ ಇವಳು, "ನಮ್ಮಣ್ಣ ಸಿನಿಮಾದ ಕಲಾ ವಿಭಾಗದಲ್ಲಿದಾನೆ" ಎಂದು ಮಾತಿಗೆ ರೆಕ್ಕೆ ಕಟ್ಟಿ ಹಾರಿಸಿಬಿಟ್ಟಿದ್ದಳು. ಒಂದು ಭಾನುವಾರ ಮಧ್ಯಾಹ್ನ ಗಂಡನ ಮೇಲಧಿಕಾರಿಯ ಸಂಸಾರ ಊಟ ಮುಗಿಸಿ ಹಾಲಿನಲ್ಲಿ ಕೂತಿದ್ದಾಗ ಕಲಾ ವಿಭಾಗ ಬಾಗಿಲಿಗೆ ಬಂದು ನಿಂತಿತು. ತಲೆತುಂಬ ಮರದ ಹೊಟ್ಟು, ಕಿವಿಯ ಮೇಲೆ ಪೆನ್ಸಿಲು, ಮೊಣಕಾಲಿನ ಹತ್ತಿರ ಅಂಟಿನ ಕಲೆ. ಕೈಯಲ್ಲಿ ಅಗ್ಗದ ಮುಂದಿನ ಬೆಂಚಿನ ಎರಡು ಟಿಕೆಟ್.

ಅವಳು ಹೊರಗೆ ಬಂದು ಬೆನ್ನ ಹಿಂದೆ ಬಾಗಿಲು ಎಳೆದುಕೊಂಡಳು.

"ಬೇಗ ಹೊರಡು. ನಮ್ಮ ಮೆಟ್ಟಿಲು ನೋಡ್ಕೊಂಡು ಬರೋಣ," ಅಂದ ಅಣ್ಣ. "ನಾನಿನ್ನೂ ನೋಡಿಲ್ಲ. ನೀನು ಬಂದ್ರೇ ನೋಡೋದು ಅಂತ ಇಟ್ಕೊಂಡಿದೀನಿ."

"ನಾನು ನೋಡ್ಬಿಟ್ಟೆ ಅಣ್ಣ. ಇವರೆಲ್ಲ ಹೊರಟಿದ್ರು, ಜೊತೇಲಿ ಹೋಗಿದ್ದೆ."

ಹಾಗಂದರೆ ಅವನ ಮುಖ ಬಾಡುತ್ತದೆ, ಹೊರಟುಹೋಗುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಅರಳಿತು.

"ಹೌದಾ? ಮೆಟ್ಟಿಲು ಬಂತಾ?"

"ಬಂತು."

"ಚೆನ್ನಾಗಿ ಕಾಣುತ್ತಾ?"

ಕಾಣುತ್ತೆ ಎಂದು ಬಾಯಿ ಮುಚ್ಚಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳಿಗೆ ಅವಸರ. ಹಿಂದಿನ ಬಾಗಿಲು ಯಾವಾಗ ತೆರೆಯುತ್ತದೋ, ನಾದಿನಿ ಯಾವಾಗ "ಯಾರು ಅತ್ತಿಗೆ ಅದು?" ಎಂದು ಇಣುಕುತ್ತಾಳೋ ಎಂದು ಪ್ರಾಣ ಕೈಯಲ್ಲಿ ಹಿಡಿದು ನಿಂತಿದ್ದಳು. ಇವನು ಖುಷಿಯಾಗಿ, ಬೇಗ, ಇಲ್ಲಿಂದ ಹೋಗಬೇಕು. ಹೇಳಿದಳು. ನಾಯಕಿ ಮೇಲಿನಿಂದ ಇಳಿದು ಬರುತ್ತಾಳೆ. ತಿರುವಿನಲ್ಲಿ ನಿಲ್ಲುತ್ತಾಳೆ. ರೇಲಿಂಗಿನ ಮೇಲೆ ಕೈಯಿಟ್ಟು ಮೆಲ್ಲಗೆ ಸವರುತ್ತಾಳೆ. ಥಿಯೇಟರಿನಲ್ಲಿ ಒಂದು ಸದ್ದಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು, "ಎಂಥ ಕೆಲಸ ಮಾಡಿದಾನಪ್ಪ, ಪುಣ್ಯಾತ್ಮ" ಎಂದಳು.

ಅಣ್ಣ ಕಣ್ಣೊರೆಸಿಕೊಂಡ. ಟಿಕೆಟ್ ಜೇಬಿಗೆ ಹಾಕಿಕೊಂಡ. "ಸಾಕು ಬಿಡು. ನೀನು ನೋಡಿದ್ರೆ ನಾನು ನೋಡಿದ ಹಾಗೇ. ಒಬ್ಬನೇ ಹೋಗಿ ಏನು ಮಾಡ್ಲಿ?" ಎಂದು ಬಂದ ದಾರಿ ಹಿಡಿದ. ಅವಳು ಒಳಗೆ ಬಂದು, ಯಾರೋ ವಿಳಾಸ ಕೇಳಿಕೊಂಡು ಬಂದಿದ್ದರು ಎಂದಳು.

ಮುಂದಿನದು ಅವಳ ಕೈ ಮೀರಿತು. ತವರುಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, "ಆ ಮೆಟ್ಟಿಲಿಂದು ಹೇಳು" ಎನ್ನುತ್ತಿದ್ದ ಅಣ್ಣ. ಹೇಳಬೇಕು. ಹೇಳಿದ್ದನ್ನೇ ಹೇಳಬೇಕು. ಅವಸರದಲ್ಲಿ ಒಂದು ಕಡೆ ಹಾರಿಸಿದರೆ, "ಮುದುಕೀನ ಬಿಟ್ಟೆಯಲ್ಲ" ಎಂದು ತಿದ್ದುತ್ತಿದ್ದ. ಅವನ ಮರಗೆಲಸದ ಕಾರ್ಖಾನೆಯ ಗಿರಾಕಿಗಳಿಗೂ ಆ ಕಥೆ ಬಾಯಿಪಾಠ. ಒಬ್ಬ ಮಹಾರಾಯ ಮಾತ್ರ, "ನಾನು ಆ ಸಿನಿಮಾ ತುಂಬಾ ಸಲ ನೋಡಿದೀನಿ, ಅದರಲ್ಲಿ ಮೆಟ್ಟಿಲೇ ಇಲ್ವಲ್ರೀ" ಎಂದ. ಅಣ್ಣ ಕೈಯಲ್ಲಿದ್ದ ಉಳಿ ಕೆಳಗಿಟ್ಟು, "ಹಾಗಾದ್ರೆ ನನ್ನ ತಂಗಿ ಸುಳ್ಳು ಹೇಳ್ತಾಳಾ? ನಿಮ್ಮ ಮಂಚ ಬೇರೆ ಕಡೆ ಮಾಡಿಸ್ಕೊಳ್ಳಿ" ಎಂದು ಕಳಿಸಿಬಿಟ್ಟ. ಇದನ್ನು ಅವನೇ ನಗುತ್ತಾ ಅವಳಿಗೆ ಹೇಳಿದ.

ಹೋಗಿ ನೋಡಬಹುದಿತ್ತಲ್ಲ ಎಂದರೆ, ನೋಡಿದ್ದೇನೆ ಎಂದು ಸಾರಿದ ಮೇಲೆ ಯಾವ ಮುಖ ಹೊತ್ತು ಕ್ಯೂನಲ್ಲಿ ನಿಲ್ಲುವುದು? ಆಮೇಲೆ ಮುಖದ ಪ್ರಶ್ನೆಯೂ ಉಳಿಯಲಿಲ್ಲ, ಹೆದರಿಕೆ ಉಳಿಯಿತು. ಟೀವಿಯಲ್ಲಿ ಬಂದರೆ ಚಾನೆಲ್ ಬದಲಿಸುತ್ತಿದ್ದಳು. ಹೆಸರಾದ ಸಿನಿಮಾವನ್ನು ನೋಡದೆ ಇರುವಷ್ಟು ಸುಲಭ ಬೇರೊಂದಿಲ್ಲ. ಹಾಡು ಗೊತ್ತು, ಮಾತು ಗೊತ್ತು, ಯಾರು ಅಳುತ್ತಾರೆ ಎಂಬುದೂ ಗೊತ್ತು. ನಡುನಡುವೆ "ಅಬ್ಬಾ, ಆ ಸೀನು" ಎಂದರೆ ಮುಗಿಯಿತು. ಅಣ್ಣ ಒಮ್ಮೆ ಟೀವಿಯ ಮುಂದೆ ಕೂತದ್ದುಂಟು. ದಿನವಿಡೀ ಮರ ಕೊಯ್ದ ಮೈ, ಹೆಸರು ತೋರಿಸುವಾಗಲೇ ಗೊರಕೆ. ಎಚ್ಚರವಾಗಿ "ಮೆಟ್ಟಿಲು ಹೋಯ್ತಾ?" ಎಂದು ಕೇಳಿದರೆ, ಮನೆಯವರು ಗೊಡವೆ ಬೇಡವೆಂದು "ಹೋಯ್ತು" ಎಂದರು. "ಹೋಗ್ಲಿ ಬಿಡು, ತಂಗಿ ಹೇಳಿದ್ದೇ ಚೆನ್ನಾಗಿದೆ" ಎಂದು ಮಗ್ಗುಲು ಬದಲಿಸಿದ.

ಈಗ ಅಣ್ಣನ ಕೈ ನಡುಗುತ್ತದೆ. ಉಳಿ ಹಿಡಿಯಲಾಗದೆ ಕಾರ್ಖಾನೆ ಮುಚ್ಚಿದ. ಕೆಲಸವಿಲ್ಲದ ಮನುಷ್ಯ ಮಾತೂ ಕಡಿಮೆ ಮಾಡಿದ. ಅದೇ ಹೊತ್ತಿಗೆ ಯಾರೋ ಆ ಹಳೆಯ ಸಿನಿಮಾದ ಗೀರು, ಕಲೆ ಎಲ್ಲ ತೆಗೆದು ಹೊಸದರಂತೆ ಮಾಡಿದರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಣ್ಣನ ಮಗಳು ಅಂಗಡಿಗೆ ಫೋನ್ ಮಾಡಿದಳು.

"ಅತ್ತೆ, ಭಾನುವಾರ ಮಧ್ಯಾಹ್ನ ಮನೇಲಿ ಎಲ್ಲರೂ ಕೂತು ನೋಡೋಣ ಅಂತಿದೀವಿ. ಅಪ್ಪನ ಹಳೇ ಜೊತೆಗಾರರೂ ಬರ್ತಾರೆ. ಅಪ್ಪ ಎಷ್ಟೋ ದಿನದ ಮೇಲೆ ನಗ್ತಿದಾರೆ. ಪಕ್ಕದಲ್ಲಿ ನೀವೇ ಕೂರಬೇಕಂತೆ."

"ಭಾನುವಾರ ಅಂಗಡಿ..." ಎಂದಳು.

"ಭಾನುವಾರ ಅಂಗಡಿ ರಜ ಅಲ್ವಾ ಅತ್ತೆ?"

ರಜವೇ ಆಗಿತ್ತು. "ಬರ್ತೀನಿ" ಎಂದು ಫೋನಿಟ್ಟಳು.

ಮರುದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಉಗ್ರಾಣದಲ್ಲಿ, ಬಟ್ಟೆಯ ಸುರುಳಿಗಳ ನಡುವೆ ಕೂತು ಫೋನಿನಲ್ಲಿ ಸಿನಿಮಾ ಹಾಕಿದಳು. ನೋಡಲಿಲ್ಲ. ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುತ್ತಾ ಮೆಟ್ಟಿಲು ಹುಡುಕಿದಳು. ನಾಯಕಿ ಬಾಗಿಲಿನಿಂದ ಬರುತ್ತಾಳೆ, ಕಿಟಕಿಯ ಹತ್ತಿರ ನಿಲ್ಲುತ್ತಾಳೆ, ಮಂಚದ ಮೇಲೆ ಬಿದ್ದು ಅಳುತ್ತಾಳೆ. ಮೆಟ್ಟಿಲು ಇಳಿಯುವುದೇ ಇಲ್ಲ. ಕೊನೆಗೆ ಸಿಕ್ಕಿತು. ಕತ್ತಲ ಮನೆಯಲ್ಲಿ ಆಳೊಬ್ಬ ದೀಪ ಹಿಡಿದು ಓಡುತ್ತಾನೆ, ಅವನ ಬೆನ್ನ ಹಿಂದೆ ಬಳುಕಿದ ಒಂದು ಕಪ್ಪು ಗೆರೆ ಕಂಡು ಮರೆಯಾಗುತ್ತದೆ. ಅಷ್ಟೇ. ಆ ಗೆರೆಯನ್ನು ಅಣ್ಣ ರೇಷ್ಮೆ ಸಿಕ್ಕಿಕೊಳ್ಳಬಾರದೆಂದು ಉಜ್ಜಿದ್ದ. ಅವಳು ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು. ಭಾನುವಾರ ಎಲ್ಲರಿಗಿಂತ ಮೊದಲೇ ಹೋಗಿ ಹೇಳಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿದಳು.

ಮೊದಲೇ ಹೋದಳು. ಅಣ್ಣ ಗಡ್ಡ ಬೋಳಿಸಿ, ಹೊಸ ಶರ್ಟನ್ನು ಕತ್ತಿನ ಗುಂಡಿಯವರೆಗೂ ಹಾಕಿಕೊಂಡು ಕೂತಿದ್ದ. ಗುಂಡಿ ಹಾಕಿದವಳು ಮಗಳಿರಬೇಕು, ಅವನ ಬೆರಳಿಗೆ ಅದು ಆಗದು.

"ಅಣ್ಣ, ಒಂದು ಮಾತು ಹೇಳ್ಬೇಕಿತ್ತು."

"ಏನೂ ಹೇಳ್ಬೇಡ. ಇಷ್ಟು ದಿನ ನೀನು ಹೇಳ್ದೆ, ನಾನು ಕೇಳ್ದೆ. ಇವತ್ತು ನಾನೇ ನೋಡ್ತೀನಿ."

"ಅದರ ವಿಷಯಾನೇ..."

"ಆಮೇಲೆ," ಎಂದ. ಅಷ್ಟರಲ್ಲಿ ಹಳೆಯ ಜೊತೆಗಾರರಿಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು. ಇಬ್ಬರೂ ಬಡಗಿಗಳೇ, ಸಿನಿಮಾದ ಕಾಲದವರಲ್ಲ, ಆದರೆ ಮೆಟ್ಟಿಲಿನ ಕಥೆ ಕೇಳಿ ಕೇಳಿ ಅವರ ಕಿವಿ ತೂತಾಗಿತ್ತು. ಪಕ್ಕದ ಮನೆಯವರೂ ಬಂದರು. ಗಟ್ಟಿ ಮನಸ್ಸು ಮೆತ್ತಗಾಯಿತು, ಅವಳು ಅಣ್ಣನ ಪಕ್ಕದಲ್ಲಿ ಕೂತಳು. ಕರೆಂಟಾದರೂ ಹೋಗಬಾರದೇ ಎಂದು ಬೇಡಿಕೊಂಡದ್ದೂ ಉಂಟು. ಹೋಗಲಿಲ್ಲ.

ಸಿನಿಮಾ ಶುರುವಾಯಿತು. ಎಲ್ಲರೂ ಮಾತುಗಳನ್ನು ನಟರಿಗಿಂತ ಮೊದಲೇ ಹೇಳಿ ನಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಯಜಮಾನರು, "ಅಯ್ಯೋ, ಇವನು ಸತ್ತೇಹೋಗ್ತಾನಾ?" ಎಂದರು.

"ನೋಡಿದೀನಿ ಅಂತಿದ್ರಲ್ಲ?" ಎಂದಳು ಅವರ ಹೆಂಡತಿ.

"ಮರೆತುಹೋಗಿತ್ತು ಕಣೇ."

ಎಲ್ಲರೂ ನಕ್ಕರು. ಅವಳು ಮಾತ್ರ ಅಣ್ಣನನ್ನೇ ನೋಡುತ್ತಿದ್ದಳು. ನಾಯಕಿ ಬಂದಾಗಲೆಲ್ಲ ಅಣ್ಣ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದ, ಹೋದಾಗ ಸಡಿಲವಾಗುತ್ತಿದ್ದ. ದೀಪದ ಆಳು ಓಡಿಹೋದ. ಅಣ್ಣ ಆಗ ಕನ್ನಡಕ ಒರೆಸುತ್ತಿದ್ದ. ಕಥೆ ಬಂಗಲೆ ಬಿಟ್ಟು ಬೇರೆ ಊರಿಗೆ ಹೋಯಿತು, ನಾಯಕಿ ಹರಕು ಬಟ್ಟೆಯಲ್ಲಿ ಬೀದಿಗೆ ಬಂದಳು.

"ಮೆಟ್ಟಿಲು ಎಲ್ಲಯ್ಯಾ?" ಎಂದ ಜೊತೆಗಾರರಲ್ಲೊಬ್ಬ.

"ಬರುತ್ತೆ ಇರು."

ಮಗಳು ಸಿನಿಮಾ ನಿಲ್ಲಿಸಿದಳು. "ಅಪ್ಪಾ, ಇನ್ನು ಆ ಮನೆ ಬರಲ್ಲ ಅನ್ಸುತ್ತೆ."

"ಹಾಗಾದ್ರೆ ಕತ್ತರಿಸಿದಾರೆ," ಎಂದ ಅಣ್ಣ. "ಹೊಸದು ಮಾಡ್ತೀವಿ ಅಂತ ಒಳ್ಳೇದನ್ನೇ ಕಿತ್ತುಹಾಕಿದಾರೆ. ಥಿಯೇಟರಲ್ಲಿ ಪೂರ್ತಿ ಇತ್ತು. ಬೇಕಾದ್ರೆ ನನ್ನ ತಂಗೀನ ಕೇಳಿ, ಅವಳು ಕಣ್ಣಾರೆ ನೋಡಿದಾಳೆ."

ಎಲ್ಲರೂ ಅವಳ ಕಡೆ ತಿರುಗಿದರು. ಒಂದು "ಹೌದು" ಸಾಕಿತ್ತು, ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಣ್ಣ ಅವಳ ಕಡೆ ತಿರುಗಲೂ ಇಲ್ಲ. ಅವಳು ಏನು ಹೇಳುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ನಂಬಿಕೆಯನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ನಾನು ನೋಡಿಲ್ಲ ಅಣ್ಣ. ಯಾವತ್ತೂ ನೋಡಿಲ್ಲ."

ಅಣ್ಣ ನಿಧಾನವಾಗಿ ತಿರುಗಿದ.

"ತಿರುವಿನಲ್ಲಿ ನಿಲ್ತಾಳೆ ಅಂದಿದ್ದು?"

"ನಾನೇ ಹುಟ್ಟಿಸಿದ್ದು."

"ರೇಲಿಂಗ್ ಸವರಿದ್ದು?"

"ಅದೂ."

"ಮುದುಕಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಬೇರೆ ಎಲ್ಲಕ್ಕಿಂತ ಆ ಮುದುಕಿ ಇಲ್ಲವಾದದ್ದಕ್ಕೆ ಅವನಿಗೆ ಹೆಚ್ಚು ನೋವಾಯಿತು ಎಂದು ಮುಖವೇ ಹೇಳುತ್ತಿತ್ತು.

"ಹಾಗಾದ್ರೆ ನನ್ನ ಮೆಟ್ಟಿಲೇ ಬರಲ್ವಾ?"

"ಬರುತ್ತೆ. ದೀಪ ಹಿಡ್ಕೊಂಡು ಒಬ್ಬ ಓಡಿದ್ನಲ್ಲ, ಅವನ ಹಿಂದೆ."

ಮಗಳು ಹಿಂದಕ್ಕೆ ಹೋಗಿ ಅಲ್ಲಿ ನಿಲ್ಲಿಸಿದಳು. ಅಣ್ಣ ಎದ್ದು ಟೀವಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ನಡುಗುವ ಬೆರಳನ್ನು ಆ ಕಪ್ಪು ಗೆರೆಯ ಮೇಲಿಟ್ಟು, "ಇದೇ" ಎಂದ. ಜೊತೆಗಾರರು ಮುಂದೆ ಬಂದು ಇಣುಕಿ, "ಹೂಂ, ತಿರುವು ಕಾಣುತ್ತೆ" ಎಂದರು, ಅವನ ಮನಸ್ಸಿಗೆಂದು. ಮಗಳು ಸೂಕ್ಷ್ಮ ತಿಳಿದವಳು, ಟೀ ಕೊಡುವ ನೆಪದಲ್ಲಿ ಎಲ್ಲರನ್ನೂ ಒಳಗೆ ಕರೆದಳು. ಅಣ್ಣ ತಂಗಿ ಇಬ್ಬರೇ ಉಳಿದರು.

ಅವನು ಬಂದು ಅವಳ ಪಕ್ಕದಲ್ಲಿ ಕೂತ. ಸಿಟ್ಟು ಮಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿತ್ತು ನಿನಗೆ. ಅವತ್ತು ಜೊತೇಲಿ ಬಂದು ನೋಡೋಕೆ ಏನಾಗಿತ್ತು?"

ನೂರು ನೆವ ಹೇಳಬಹುದಿತ್ತು. ಅತ್ತೆಗೆ ಹುಷಾರಿರಲಿಲ್ಲ, ಒಲೆಯ ಮೇಲೆ ಹಾಲಿತ್ತು. ಅವಳ ಬಾಯಿ ಎಂದಾದರೂ ನೆವಕ್ಕೆ ತಡವರಿಸಿದ್ದುಂಟೇ? ಆ ಹೊತ್ತು ಒಂದೂ ಬೇಡವೆನಿಸಿತು.

"ಒಳಗೆ ದೊಡ್ಡ ಮನುಷ್ಯರು ಕೂತಿದ್ರು ಅಣ್ಣ. ನೀನು ತಲೆತುಂಬಾ ಹೊಟ್ಟು ಹಾಕ್ಕೊಂಡು ಬಂದಿದ್ದೆ. ನಿನ್ನ ಜೊತೆ ಮುಂದಿನ ಬೆಂಚಲ್ಲಿ ಕೂರೋಕೆ ನನಗೆ ನಾಚಿಕೆ ಆಯ್ತು. ನೀನು ನಮ್ಮಣ್ಣ ಅಂತ ಹೇಳ್ಕೊಳ್ಳೋಕೇ ನಾಚಿಕೆ ಆಯ್ತು."

ಅಣ್ಣ ತಲೆಯಾಡಿಸಿದ. ಅವನಿಗೆ ಅಚ್ಚರಿಯಾದಂತೆ ಕಾಣಲಿಲ್ಲ.

"ಅದು ಗೊತ್ತಿತ್ತು," ಎಂದ. "ಬಾಗಿಲು ಎಳ್ಕೊಂಡು ನಿಂತಾಗಲೇ ಗೊತ್ತಾಯ್ತು. ಸಿನಿಮಾ ನೋಡಿದೀಯ ಅನ್ನೋದನ್ನ ಮಾತ್ರ ನಂಬಿದ್ದೆ."

ಒಳಗಿನಿಂದ ಲೋಟಗಳ ಸದ್ದು ಕೇಳುತ್ತಿತ್ತು. ಅಣ್ಣ ಮಗಳನ್ನು ಕೂಗಿ, "ಮುಂದಕ್ಕೆ ಹಾಕಮ್ಮ, ಕಥೆ ಏನಾಗುತ್ತೋ ನಮಗಿಬ್ಬರಿಗೂ ಗೊತ್ತಿಲ್ಲ" ಎಂದ. ಎಲ್ಲರೂ ಲೋಟ ಹಿಡಿದು ಬಂದು ಕೂತರು, ಸಿನಿಮಾ ಮುಂದುವರಿಯಿತು. ಎಲ್ಲರಿಗೂ ಬಾಯಿಪಾಠವಾದ ಮಾತೊಂದು ಬಂತು, ಎಲ್ಲರೂ ಒಟ್ಟಿಗೆ ಹೇಳಿ ನಕ್ಕರು, ಅಣ್ಣನೂ ನಕ್ಕ. ಅವಳು ತೊಡೆಯ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಾ, ಮುಗಿಯುವ ತನಕ ತಲೆ ಎತ್ತದೆ ಕೂತಿದ್ದಳು.